ಸಿ ಕೋಡ್ ಓಡುತ್ತದೆ, ತಕ್ಕಡಿಯ ಡ್ರೈವರ್ ಮಾತ್ರ ಸಿಗುವುದಿಲ್ಲ: ಫೋನಿನಲ್ಲಿ ಎರ್‌ನೋ 2, ಟ್ಯಾಬ್ಲೆಟ್ಟಿನಲ್ಲಿ 13

ಗುಲಗಂಜಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಆ್ಯಪ್ ಬರೆಯುವವಳಲ್ಲ, ಪ್ರಯೋಗಾಲಯದ ಉಪಕರಣಗಳನ್ನು ನೋಡಿಕೊಳ್ಳುವವಳು. ಹಿಂದೆ ಈ ಕೆಲಸದಲ್ಲಿದ್ದವರು ಮುನ್ನೂರು ಸಾಲಿನ ಒಂದು ಸಿ ಫೈಲನ್ನು ಬಿಟ್ಟು ಹೋದರು. ಅದನ್ನು ಮುಟ್ಟಿದ ತಪ್ಪಿಗೆ ಆ್ಯಪ್ ನನ್ನ ತಲೆಗೆ ಬಂತು.

ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಯ ಬೆನ್ನಿಗೆ ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ಪೋರ್ಟ್ ಇದೆ. ಅದಕ್ಕೆ ಸೀರಿಯಲ್‌ನಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ ಹಾಕಿದ್ದೇವೆ. ಕೇಬಲ್ಲಿನೊಳಗಿರುವುದು ಎಫ್‌ಟಿಡಿಐ ಚಿಪ್. ವೆಂಡರ್ ಸಂಖ್ಯೆ 1027, ಪ್ರಾಡಕ್ಟ್ ಸಂಖ್ಯೆ 24577. ಲಿನಕ್ಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಡೆವ್ ಫೋಲ್ಡರಿನಲ್ಲಿ ಟಿಟಿವೈಯುಎಸ್‌ಬಿ0 ಎಂಬ ಫೈಲ್ ಹುಟ್ಟುತ್ತದೆ. ಸಿ ಪ್ರೋಗ್ರಾಂ ಅದನ್ನು ಓಪನ್ ಮಾಡಿ, ಸೆಕೆಂಡಿಗೆ 2400 ಬಿಟ್ ವೇಗ ಹೊಂದಿಸಿ, ತೂಕ ಓದುತ್ತದೆ. ವರ್ಷಗಳಿಂದ ಒಂದು ದಿನವೂ ಕೈಕೊಟ್ಟಿಲ್ಲ.

ಈಗ ಇದೇ ಕೆಲಸ ಆಂಡ್ರಾಯ್ಡ್‌ನಲ್ಲಿ ಆಗಬೇಕು. ಆಂಡ್ರಾಯ್ಡ್‌ಗೆ ಸಿ ಕೋಡ್ ಕಟ್ಟುವ ಸಲಕರಣೆಯಾದ ಎನ್‌ಡಿಕೆ ಹಾಕಿಕೊಂಡೆ, ಸಿ ಫೈಲನ್ನು ಲೈಬ್ರರಿಯಾಗಿ ಕಟ್ಟಿದೆ. ಆ್ಯಪ್ ಬರೆಯುವ ಭಾಷೆಯಾದ ಕಾಟ್ಲಿನ್‌ನಿಂದ, ಸಿ ಕಡೆಗಿನ ಸೇತುವೆಯಾದ ಜೆಎನ್‌ಐ ಮೂಲಕ ಕರೆದೆ. ಮೊದಲಿಗೆ ಫಂಕ್ಷನ್ ಸಿಗಲಿಲ್ಲ ಎಂಬ ದೂರು ಬಂತು. ಪ್ಯಾಕೇಜಿನ ಹೆಸರಿನಲ್ಲಿದ್ದ ಅಂಡರ್‌ಸ್ಕೋರನ್ನು ಸಿ ಕಡೆಯ ಹೆಸರಿನಲ್ಲಿ ಅಂಡರ್‌ಸ್ಕೋರ್ ಮತ್ತು 1 ಎಂದು ಬರೆಯಬೇಕು ಎಂಬುದು ತಿಳಿಯಲು ಅರ್ಧ ದಿನ ಹಿಡಿಯಿತು. ಅದು ಸರಿಯಾದ ಮೇಲೆ ಎರಡು ಸಂಖ್ಯೆ ಕೂಡಿಸುವ ಪರೀಕ್ಷೆ ಸಲೀಸಾಗಿ ನಡೆಯಿತು. ಅಂದರೆ ಸಿ ಕೋಡ್ ಓಡುತ್ತಿದೆ.

ಆದರೆ ತಕ್ಕಡಿಯ ಫೈಲನ್ನು ಓಪನ್ ಮಾಡಲು ಹೋದರೆ -1. ನನ್ನ ಫೋನಿನಲ್ಲಿ ಎರ್‌ನೋ (ತಪ್ಪಿನ ಸಂಖ್ಯೆ) 2 ಬರುತ್ತದೆ, ಫೈಲೇ ಇಲ್ಲವಂತೆ. ಕೆಲಸದ ಟ್ಯಾಬ್ಲೆಟ್ಟಿನಲ್ಲಿ ಎರ್‌ನೋ 13, ಅನುಮತಿ ಇಲ್ಲವಂತೆ. ಕಂಪ್ಯೂಟರಿನಿಂದ ಒಳಗೆ ನೋಡುವ ಎಡಿಬಿ ಶೆಲ್‌ನಿಂದ ಇಣುಕಿದರೆ ಟ್ಯಾಬ್ಲೆಟ್ಟಿನಲ್ಲಿ ಆ ಫೈಲ್ ಇದೆ, ಒಡೆಯ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರ. ಅದೇ ಕೇಬಲ್, ಅದೇ ಕೋಡ್, ಎರಡು ಬೇರೆ ಬೇರೆ ತಪ್ಪುಗಳು. ಆ್ಯಪ್‌ನಿಂದ ಡ್ರೈವರನ್ನು ಕರೆಯುವುದು ಹೇಗೆ?

ಅವಸರ

ಟ್ಯಾಬ್ಲೆಟ್ಟನ್ನು ರೂಟ್ ಮಾಡಿ, ಆ ಫೈಲಿಗೆ 666 ಅನುಮತಿ ಕೊಡಿ. ಐದು ನಿಮಿಷದ ಕೆಲಸ.

ನೆಲಮಾಳಿಗೆ

ಅವಸರ ಅವರೇ, ಆ ಐದು ನಿಮಿಷದ ಕೆಲಸವನ್ನು ನಾನು ಒಮ್ಮೆ ಎರಡು ವಾರ ಮಾಡಿದ್ದೇನೆ. ಅಲ್ಲಿ ಎರಡು ಬೀಗಗಳಿವೆ. ಓದುವ, ಬರೆಯುವ ಹಕ್ಕಿನ ಹಳೆಯ ಬೀಗ ಒಂದು, ಎಸ್‌ಇಲಿನಕ್ಸ್ ಇನ್ನೊಂದು. 666 ಕೊಟ್ಟರೆ ತೆರೆಯುವುದು ಮೊದಲನೆಯದು ಮಾತ್ರ. ಆಂಡ್ರಾಯ್ಡ್ 5.0 ಬಂದಾಗಿನಿಂದ, ಅಂದರೆ 2014ರಿಂದ, ಎಸ್‌ಇಲಿನಕ್ಸ್ ಪೂರ್ತಿ ಜಾರಿಯಲ್ಲಿದೆ. ಹೊರಗಿನಿಂದ ಹಾಕಿಕೊಂಡ ಆ್ಯಪ್ ಯಾವ ಡಿವೈಸ್ ಫೈಲನ್ನು ಮುಟ್ಟಬಹುದು ಎಂಬುದು ಅದರ ನೀತಿಯಲ್ಲಿ ಬರೆದಿರುತ್ತದೆ, ಸೀರಿಯಲ್ ಪೋರ್ಟ್ ಆ ಪಟ್ಟಿಯಲ್ಲಿ ಇರುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಲಾಗ್ ತೆರೆದರೆ, ತಡೆದೆ ಎಂದು ಹೇಳುವ ಎವಿಸಿ ಡಿನೈಡ್ ಎಂಬ ಸಾಲು ಕಾದಿರುತ್ತದೆ. ಅದನ್ನೂ ಮುರಿಯಬಹುದು ಎನ್ನಿ. ಮುರಿದ ಟ್ಯಾಬ್ಲೆಟ್ಟನ್ನು ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಗುಲಗಂಜಿ ಅವರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ನಂಬಿಕೆ ಅಡಗಿದೆ. ಸಿ ಎಂದರೆ ಯಂತ್ರಕ್ಕೆ ಹತ್ತಿರ, ಆದ್ದರಿಂದ ಸಿಯಲ್ಲಿ ಬರೆದರೆ ಹೆಚ್ಚು ಅಧಿಕಾರ ಸಿಗುತ್ತದೆ ಎಂಬ ನಂಬಿಕೆ. ಹಾಗಿಲ್ಲ. ಜೆಎನ್‌ಐ ಮೂಲಕ ಕರೆದ ಸಿ ಕೋಡ್ ನಿಮ್ಮ ಆ್ಯಪ್‌ನ ಪ್ರೋಸೆಸ್ಸಿನೊಳಗೇ ಓಡುತ್ತದೆ. ಆಂಡ್ರಾಯ್ಡ್ ಒಂದೊಂದು ಆ್ಯಪ್‌ಗೂ ಬೇರೆ ಲಿನಕ್ಸ್ ಬಳಕೆದಾರ ಸಂಖ್ಯೆ ಕೊಡುತ್ತದೆ, 10000ದಿಂದ ಮೇಲಕ್ಕೆ. ಕಾಟ್ಲಿನ್ ಯಾವ ಸಂಖ್ಯೆಯ ಅಂಗಿ ತೊಟ್ಟಿದೆಯೋ ಸಿಯೂ ಅದನ್ನೇ ತೊಟ್ಟಿರುತ್ತದೆ. ಭಾಷೆ ಬದಲಾಯಿಸಿದರೆ ಕಾವಲುಗಾರ ಮರುಳಾಗುವುದಿಲ್ಲ.

ಎರಡು ತಪ್ಪುಗಳ ಗುಟ್ಟು ಹೀಗೆ. ಫೋನಿನ ಕರ್ನಲ್ಲಿನಲ್ಲಿ ಎಫ್‌ಟಿಡಿಐ ಡ್ರೈವರನ್ನು ಸೇರಿಸಿಯೇ ಇಲ್ಲ. ಡ್ರೈವರ್ ಇಲ್ಲದ ಮೇಲೆ ಟಿಟಿವೈ ಫೈಲನ್ನು ಹುಟ್ಟಿಸುವವರು ಯಾರು? ಅದಕ್ಕೆ 2. ಟ್ಯಾಬ್ಲೆಟ್ಟಿನ ತಯಾರಕರು ಡ್ರೈವರ್ ಸೇರಿಸಿದ್ದಾರೆ, ಫೈಲ್ ಹುಟ್ಟಿದೆ, ನಿಮಗೆ ಕೊಟ್ಟಿಲ್ಲ. ಅದಕ್ಕೆ 13. ಕರ್ನಲ್ಲಿಗೆ ಡ್ರೈವರ್ ಸೇರಿಸುವ ಹಕ್ಕು ಯಾವ ಆ್ಯಪ್‌ಗೂ ಇಲ್ಲ. ಹೀಗಾಗಿ ಎರಡೂ ಕಡೆ ನಡೆಯುವ ದಾರಿ ಒಂದೇ: ಟಿಟಿವೈ ಫೈಲನ್ನು ಮರೆತುಬಿಡಿ.

ಆಂಡ್ರಾಯ್ಡ್ 3.1ರಿಂದ, 2011ರಿಂದಲೇ, ಆ್ಯಪ್ ನೇರವಾಗಿ ಯುಎಸ್‌ಬಿ ಸಾಧನದೊಡನೆ ಮಾತನಾಡುವ ಯುಎಸ್‌ಬಿ ಹೋಸ್ಟ್ ಎಪಿಐ ಇದೆ. ಯುಎಸ್‌ಬಿ ಮ್ಯಾನೇಜರಿನಿಂದ ಸಾಧನಗಳ ಪಟ್ಟಿ ಪಡೆದು 1027, 24577 ಜೋಡಿಯನ್ನು ಹುಡುಕಿ. ಬಳಕೆದಾರರ ಅನುಮತಿ ಕೇಳಿ. ಅವರು ಒಪ್ಪಿದರೆ ಸಾಧನವನ್ನು ತೆರೆದು, ಇಂಟರ್‌ಫೇಸನ್ನು ಕ್ಲೇಮ್ ಮಾಡಿ, ಅಂದರೆ ನಿಮ್ಮ ವಶಕ್ಕೆ ತೆಗೆದುಕೊಳ್ಳಿ. ಕ್ಲೇಮ್‌ನ ಎರಡನೆಯ ಆರ್ಗ್ಯುಮೆಂಟ್ ಟ್ರೂ ಇರಲಿ. ಟ್ಯಾಬ್ಲೆಟ್ಟಿನಲ್ಲಿ ಕರ್ನಲ್ ಡ್ರೈವರ್ ಆಗಲೇ ಕೇಬಲ್ಲನ್ನು ಹಿಡಿದು ಕೂತಿದೆಯಲ್ಲ, ಅದನ್ನು ಎಬ್ಬಿಸುವುದು ಆ ಟ್ರೂ.

ಅನುಮತಿ ಕೇಳುವಾಗ ಒಂದು ಗುಂಡಿ ಇದೆ, ಎಲ್ಲರೂ ಬೀಳುತ್ತಾರೆ. ಆಂಡ್ರಾಯ್ಡ್ 12ರಿಂದ ಉತ್ತರ ತರಲು ವ್ಯವಸ್ಥೆಯ ಕೈಗೆ ಕೊಡುವ ಪೆಂಡಿಂಗ್ ಇಂಟೆಂಟ್‌ಗೆ ಮ್ಯೂಟಬಲ್ (ಬದಲಿಸಬಹುದು) ಅಥವಾ ಇಮ್ಮ್ಯೂಟಬಲ್ (ಬದಲಿಸಬಾರದು) ಎಂದು ಹೇಳಲೇಬೇಕು. ಉಳಿದ ಕಡೆ ಇಮ್ಮ್ಯೂಟಬಲ್ ಒಳ್ಳೆಯದು. ಇಲ್ಲಿ ಹಾಗೆ ಬರೆದರೆ, ಬಳಕೆದಾರರು ಸರಿ ಎಂದು ಒತ್ತಿದರೂ ನಿಮಗೆ ಬರುವ ಉತ್ತರ ಫಾಲ್ಸ್. ಆ ಉತ್ತರವನ್ನು ವ್ಯವಸ್ಥೆಯು ನೀವು ಕೊಟ್ಟ ಇಂಟೆಂಟ್‌ನೊಳಗೇ ಬರೆಯಬೇಕು. ಬರೆಯಬಾರದೆಂದು ನೀವೇ ಮೊಹರು ಹಾಕಿ ಕೊಟ್ಟಿರುತ್ತೀರಿ. ಮ್ಯೂಟಬಲ್ ಮಾಡಿ, ಜೊತೆಗೆ ಇಂಟೆಂಟ್‌ಗೆ ನಿಮ್ಮ ಪ್ಯಾಕೇಜಿನ ಹೆಸರನ್ನೂ ಹಾಕಿ. ಆಂಡ್ರಾಯ್ಡ್ 14ನ್ನು ಗುರಿಯಾಗಿಟ್ಟ ಆ್ಯಪ್ ಆದರೆ ಹೆಸರಿಲ್ಲದ ಮ್ಯೂಟಬಲ್ ಇಂಟೆಂಟ್ ಎಕ್ಸೆಪ್ಷನ್ ಎಸೆಯುತ್ತದೆ.

ಹಳೆಯ ಮೋಡೆಮ್

ಇದನ್ನು ಓದುವಾಗ ನನಗೆ ವಿಂಡೋಸ್ ಸಿಇ ದಿನಗಳು ನೆನಪಾದವು. ಕೈಯಲ್ಲಿ ಹಿಡಿಯುವ ಬಾರ್‌ಕೋಡ್ ಯಂತ್ರಗಳಿಗೆ ಡಾಟ್‌ನೆಟ್ ಕಾಂಪ್ಯಾಕ್ಟ್ ಫ್ರೇಮ್‌ವರ್ಕ್‌ನಲ್ಲಿ ಆ್ಯಪ್ ಬರೆಯುತ್ತಿದ್ದೆ. ಕೋರ್‌ಡಿಎಲ್‌ಎಲ್ ಎಂಬ ಒಂದೇ ಕಡತದಿಂದ ಕ್ರಿಯೇಟ್‌ಫೈಲ್, ಡಿವೈಸ್‌ಐಒಕಂಟ್ರೋಲ್ ಎರಡನ್ನೂ, ಸಿ ಫಂಕ್ಷನ್ ಕರೆಯುವ ಪಿ-ಇನ್ವೋಕ್ ಮೂಲಕ ಕರೆದರೆ ಮುಗಿಯಿತು, ನೇರ ಡ್ರೈವರಿನ ಮುಂದೆ ನಿಂತಿರುತ್ತಿದ್ದೆವು. ಕಾಮ್1 ಎಂದು ಬರೆದ ಮೇಲೆ ಕೋಲನ್ ಬಿಟ್ಟರೆ ಪೋರ್ಟ್ ತೆರೆಯುತ್ತಿರಲಿಲ್ಲ. ಆ ಒಂದು ಕೋಲನ್‌ಗಾಗಿ ನಾನು ಕಳೆದ ರಾತ್ರಿಯನ್ನು ಇಂದಿಗೂ ಕ್ಷಮಿಸಿಲ್ಲ. 2006ರ ಸಿಇ 6.0 ಬರುವವರೆಗೆ ಡ್ರೈವರುಗಳೂ ಸಾಮಾನ್ಯ ಪ್ರೋಸೆಸ್ಸಿನಲ್ಲೇ ಓಡುತ್ತಿದ್ದವು. ಕೇಳುವವರಿರಲಿಲ್ಲ, ತಡೆಯುವವರಿರಲಿಲ್ಲ. ತಪ್ಪು ಸಂಖ್ಯೆ ಕಳುಹಿಸಿದರೆ ಇಡೀ ಯಂತ್ರ ಮಲಗುತ್ತಿತ್ತು, ಅದು ಬೇರೆ ಮಾತು.

ನನ್ನ ಸಲಹೆ: ಯುಎಸ್‌ಬಿ ಸಾಧನವನ್ನು ತೆರೆದ ಮೇಲೆ ಅದರ ಫೈಲ್ ಡಿಸ್ಕ್ರಿಪ್ಟರ್ ಸಂಖ್ಯೆಯನ್ನು (ತೆರೆದ ಫೈಲಿನ ಗುರುತು) ಕೇಳಿ ಪಡೆಯಬಹುದು. ಆ ಸಂಖ್ಯೆಯನ್ನು ಜೆಎನ್‌ಐ ಮೂಲಕ ನಿಮ್ಮ ಸಿ ಫೈಲಿಗೆ ದಾಟಿಸಿ. ಓಪನ್ ಸಾಲನ್ನು ಮಾತ್ರ ಅಳಿಸಿದರೆ ಉಳಿದ ಮುನ್ನೂರು ಸಾಲು ಹಾಗೆಯೇ ನಡೆಯಬೇಕು.

ಗುಲಗಂಜಿ

ಇಬ್ಬರಿಗೂ ಧನ್ಯವಾದ. ಅನುಮತಿಯ ಗುಂಡಿಗೆ ನಾನು ಬೀಳಲಿಲ್ಲ, ಬಿದ್ದವರ ಗುರುತು ಮೊದಲೇ ಸಿಕ್ಕಿತ್ತು. ಫೋನಿನಲ್ಲೂ ಟ್ಯಾಬ್ಲೆಟ್ಟಿನಲ್ಲೂ ಸಾಧನ ತೆರೆಯಿತು! ಟ್ಯಾಬ್ಲೆಟ್ಟಿನಲ್ಲಿ ಕ್ಲೇಮ್ ಮಾಡಿದ ಕ್ಷಣ ಟಿಟಿವೈಯುಎಸ್‌ಬಿ0 ಮಾಯವಾಯಿತು. ಒಂದು ಕ್ಷಣ ಎದೆ ಧಸಕ್ ಎಂದಿತು, ಆಮೇಲೆ ಎಬ್ಬಿಸುವುದು ಎಂದರೆ ಇದೇ ಎಂದು ಹೊಳೆಯಿತು.

ಡಿಸ್ಕ್ರಿಪ್ಟರ್ 87 ಎಂದು ಬಂತು. ಸಿ ಫೈಲಿಗೆ ದಾಟಿಸಿದೆ. ವೇಗ ಹೊಂದಿಸುವ ಟಿಸಿಸೆಟ್‌ಆಟರ್ ಸಾಲಿನಲ್ಲೇ -1, ಎರ್‌ನೋ 25. ಇದು ಎಂಥದ್ದು?

ನೆಲಮಾಳಿಗೆ

25 ಎಂದರೆ ಇನಾಟಿಟಿವೈ. ಅದರ ಹಳೆಯ ಯುನಿಕ್ಸ್ ಸಂದೇಶವನ್ನು ಕನ್ನಡಕ್ಕೆ ತಂದರೆ "ಇದು ಟೈಪ್‌ರೈಟರ್ ಅಲ್ಲ". ಈ ಸಲ ಅಕ್ಷರಶಃ ನಿಜ.

ಹಳೆಯ ಮೋಡೆಮ್ ಅವರ ಸಲಹೆಯಲ್ಲಿ ಅರ್ಧ ಸರಿ. ಡಿಸ್ಕ್ರಿಪ್ಟರನ್ನು ಸಿಗೆ ದಾಟಿಸಬಹುದು. ಆದರೆ ಅದು ಸೀರಿಯಲ್ ಪೋರ್ಟಿನ ಡಿಸ್ಕ್ರಿಪ್ಟರ್ ಅಲ್ಲ, ಬರಿಯ ಯುಎಸ್‌ಬಿ ಸಾಧನದ್ದು. ಅದಕ್ಕೆ ವೇಗ, ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಎಂಬ ಮಾತುಗಳೇ ಗೊತ್ತಿಲ್ಲ. ಇಷ್ಟು ಬೈಟ್ ಕಳುಹಿಸು, ಇಷ್ಟು ಬೈಟ್ ತಾ ಎಂಬುದಷ್ಟೇ ಗೊತ್ತು. ಸಿಯ ಯುಎಸ್‌ಬಿ ಲೈಬ್ರರಿಯಾದ ಲಿಬ್‌ಯುಎಸ್‌ಬಿಯಲ್ಲಿ 1.0.23ರಿಂದ ಇಂಥ ಡಿಸ್ಕ್ರಿಪ್ಟರನ್ನು ಸುತ್ತಿಕೊಂಡು ಕೆಲಸ ಮಾಡುವ ಫಂಕ್ಷನ್ ಇದೆ, ಸಿಯಲ್ಲೇ ಇರಬೇಕೆಂಬ ಹಟ ಇರುವವರಿಗೆ.

ಲ್ಯಾಪ್‌ಟಾಪಿನಲ್ಲಿ ಆ ಮುನ್ನೂರು ಸಾಲಿನ ಕೆಳಗೆ ಕರ್ನಲ್ಲಿನ ಡ್ರೈವರ್ ಸದ್ದಿಲ್ಲದೆ ದುಡಿಯುತ್ತಿತ್ತು. 2400 ಎಂದು ನೀವು ಹೇಳಿದರೆ ಚಿಪ್ಪಿಗೆ ಅರ್ಥವಾಗುವ ಭಾಜಕವಾಗಿ ಬದಲಿಸುತ್ತಿತ್ತು, ಚಿಪ್ ಕಳುಹಿಸಿದ್ದರಲ್ಲಿ ಕಸ ತೆಗೆದು ಕಾಳು ಕೊಡುತ್ತಿತ್ತು. ಆಂಡ್ರಾಯ್ಡ್‌ನಲ್ಲಿ ಅದನ್ನು ನೀವೇ ಎಬ್ಬಿಸಿ ಕಳುಹಿಸಿದ್ದೀರಿ. ಇನ್ನು ಡ್ರೈವರ್ ಎಂದರೆ ನೀವೇ.

ಹೆದರಬೇಡಿ, ಯುಎಸ್‌ಬಿ ಸೀರಿಯಲ್ ಫಾರ್ ಆಂಡ್ರಾಯ್ಡ್ ಎಂಬ ಮುಕ್ತ ಲೈಬ್ರರಿ ಇದೆ, ಎಫ್‌ಟಿಡಿಐ ಅದಕ್ಕೆ ಗೊತ್ತು. ಅದನ್ನು ಹಾಕಿಕೊಂಡರೆ ಇವತ್ತೇ ಮುಗಿಯುತ್ತದೆ.

ಕೈಯಿಂದಲೇ ಬರೆಯುವುದಾದರೆ, ಬೇಕಿರುವುದು ಮೂರು ಕಂಟ್ರೋಲ್ ಟ್ರಾನ್ಸ್‌ಫರ್, ಅಂದರೆ ಚಿಪ್ಪಿಗೆ ಕೊಡುವ ಮೂರು ಆದೇಶ. ಹದಿನಾರರ ಲೆಕ್ಕ ಬಿಟ್ಟು ದಶಮಾನದಲ್ಲೇ ಕೊಡುತ್ತೇನೆ. ರಿಕ್ವೆಸ್ಟ್ ಟೈಪ್ ಮೂರಕ್ಕೂ 64. ರಿಕ್ವೆಸ್ಟ್ 0, ಮೌಲ್ಯ 0 ಕಳುಹಿಸಿದರೆ ಚಿಪ್ ರೀಸೆಟ್. ರಿಕ್ವೆಸ್ಟ್ 3ರಲ್ಲಿ ವೇಗ: ಮೂವತ್ತು ಲಕ್ಷವನ್ನು ನಿಮ್ಮ ವೇಗದಿಂದ ಭಾಗಿಸಿ. 2400 ಆದರೆ 1250, ಶೇಷವಿಲ್ಲ, ನಿಮ್ಮ ಅದೃಷ್ಟ. 9600 ಆಗಿದ್ದರೆ 312.5 ಬಂದು, ಆ ಅರ್ಧವನ್ನು ಮೇಲಿನ ಬಿಟ್‌ಗಳಲ್ಲಿ ಬೇರೆ ಬಗೆಯಲ್ಲಿ ಬರೆಯಬೇಕಾಗುತ್ತಿತ್ತು. ರಿಕ್ವೆಸ್ಟ್ 4ರಲ್ಲಿ ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್. ಆಮೇಲೆ ಬಲ್ಕ್ ಟ್ರಾನ್ಸ್‌ಫರ್‌ನಿಂದ ಓದುತ್ತಾ ಹೋಗಿ, ಪರದೆಯನ್ನು ನೋಡಿಕೊಳ್ಳುವ ಮುಖ್ಯ ಥ್ರೆಡ್ಡಿನಲ್ಲಿ (ಕೆಲಸದ ಎಳೆ) ಅಲ್ಲ.

ಗುಲಗಂಜಿ

ಹೊರಗಿನ ಲೈಬ್ರರಿ ಸೇರಿಸಲು ನಮ್ಮಲ್ಲಿ ಲಿಖಿತ ಒಪ್ಪಿಗೆ ಬೇಕು, ಆ ಕಾಗದ ಎಷ್ಟು ಮೇಜು ಸುತ್ತುತ್ತದೆ ಎಂಬುದು ನನಗೆ ಗೊತ್ತು. ಹೀಗಾಗಿ ಕೈಯಿಂದಲೇ ಬರೆದೆ. ಕಾಟ್ಲಿನ್‌ನಲ್ಲಿ ಅರವತ್ತು ಸಾಲು ಆಯಿತು. ರಿಕ್ವೆಸ್ಟ್ 4ಕ್ಕೆ ಎಲ್ಲ ಉದಾಹರಣೆಗಳಲ್ಲೂ ಇರುವ 8 ಎಂಬ ಮೌಲ್ಯ ಹಾಕಿದೆ: 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1.

ಬೈಟ್‌ಗಳು ಬರುತ್ತಿವೆ! ಆದರೆ ನೋಡಿ. ತಕ್ಕಡಿಯ ಮೇಲೆ ಬೀಕರ್ ಇಟ್ಟಿದ್ದೇನೆ, ಅದರ ಪರದೆಯಲ್ಲಿ 125.4 ಗ್ರಾಂ. ನನ್ನ ಲಾಗ್‌ನಲ್ಲಿ ಒಂದೊಂದು ಸಲ ಓದಿದ್ದು ಒಂದೊಂದು ಸಾಲು:

1, 96
1, 96
1, 96, 83, -44, -84
1, 96, 43, 48, 48, -79
1, 96, -78, 53, 46, -76
1, 96, -96, -96, -25, -115
1, 96, 10
1, 96

ತಕ್ಕಡಿಯ ಕೈಪಿಡಿಯ ಪ್ರಕಾರ ಬರಬೇಕಾದದ್ದು 16 ಅಕ್ಷರದ ಒಂದು ಸಾಲು: ಎಸ್, ಟಿ, ಅಲ್ಪವಿರಾಮ, ಕೂಡುವ ಚಿಹ್ನೆ, 00125.4, ಎರಡು ಖಾಲಿ, ಗ್ರಾಂನ ಜಿ, ಕೊನೆಗೆ ಸಾಲು ಮುಗಿಸುವ ಎರಡು ಬೈಟ್. 83 ಎಂದರೆ ಎಸ್, ಅದು ಸರಿ. 43 ಕೂಡುವ ಚಿಹ್ನೆ, ಸರಿ. 48 ಸೊನ್ನೆ, 53 ಐದು, 46 ಬಿಂದು, ಇವೂ ಸರಿ. ಉಳಿದವು ಋಣ ಸಂಖ್ಯೆಗಳು. ಸೊನ್ನೆಗಿಂತ ಕಡಿಮೆಯಾದ ಅಕ್ಷರ ಯಾವುದಿದೆ?

ಬೇರೆ ಬೇರೆ ತೂಕ ಇಟ್ಟು ಸಂಜೆಯವರೆಗೆ ಪಟ್ಟಿ ಮಾಡಿದೆ. 0, 3, 5, 6, 9 ಯಾವಾಗಲೂ ಸರಿ ಬರುತ್ತವೆ. 1, 2, 4, 7, 8 ಯಾವಾಗಲೂ ಕೆಡುತ್ತವೆ. ಒಮ್ಮೆಯೂ ಅದಲು ಬದಲಾಗಲಿಲ್ಲ. ಕೇಬಲ್ ಕೆಟ್ಟಿದ್ದರೆ ಇಷ್ಟು ಶಿಸ್ತಾಗಿ ಕೆಡುತ್ತದೆಯೇ? ಮತ್ತೆ ಈ 1, 96 ಎಂಬ ಪೀಡೆ ಯಾವುದು? ತಕ್ಕಡಿಯಿಂದ ಕೇಬಲ್ ಬಿಚ್ಚಿದರೂ ಬರುತ್ತಲೇ ಇರುತ್ತದೆ.

ಅವಸರ

ಪ್ರತಿ ಬೈಟ್‌ಗೂ 127ರ ಜೊತೆ ಆ್ಯಂಡ್ ಮಾಡಿ, ಸರಿ ಹೋಗುತ್ತದೆ. ಈ ಸಲ ನಿಜವಾಗಿಯೂ ಐದು ನಿಮಿಷ.

ನೆಲಮಾಳಿಗೆ

ಆ ಪಟ್ಟಿ ಮಾಡಿದ್ದಕ್ಕೆ ನಿಮಗೆ ನಮಸ್ಕಾರ. ಹತ್ತರಲ್ಲಿ ಒಂಬತ್ತು ಜನ "ಕಸ ಬರುತ್ತಿದೆ" ಎಂದು ಬರೆದು ಸುಮ್ಮನಾಗುತ್ತಾರೆ. ಉತ್ತರ ನಿಮ್ಮ ಪಟ್ಟಿಯಲ್ಲೇ ಇದೆ.

ಮೊದಲು ಋಣ ಚಿಹ್ನೆ ಕಳಚೋಣ. ಕಾಟ್ಲಿನ್‌ನ ಬೈಟ್ -128ರಿಂದ 127ರವರೆಗೆ ಮಾತ್ರ ಎಣಿಸುತ್ತದೆ. -79 ಎಂದರೆ ನಿಜಕ್ಕೆ 177. ಒಂದು ಎಂಬ ಅಂಕಿಯ ಸಂಕೇತ 49. 177ರಲ್ಲಿ 49 ಕಳೆಯಿರಿ, 128. -78ಕ್ಕೂ, -76ಕ್ಕೂ ಮಾಡಿ ನೋಡಿ, 128 ಎಂಬುದೇ ಹೆಚ್ಚುವರಿ. ಅಂದರೆ ಕೆಟ್ಟ ಅಕ್ಷರಗಳಲ್ಲೆಲ್ಲ ಎಂಟನೆಯ ಬಿಟ್ ಹೊತ್ತಿಕೊಂಡಿದೆ.

ಯಾವುದರಲ್ಲಿ ಹೊತ್ತಿದೆ? 49ನ್ನು ದ್ವಿಮಾನದಲ್ಲಿ ಬರೆಯಿರಿ: 0110001. ಒಂದುಗಳು ಮೂರು, ಬೆಸ. 51, ಅಂದರೆ ಮೂರು ಎಂಬ ಅಂಕಿ: 0110011. ಒಂದುಗಳು ನಾಲ್ಕು, ಸಮ. 0, 3, 5, 6, 9 ಎಲ್ಲದರಲ್ಲೂ ಸಮ. 1, 2, 4, 7, 8 ಎಲ್ಲದರಲ್ಲೂ ಬೆಸ. ಬೆಸ ಇದ್ದಲ್ಲಿ ಇನ್ನೊಂದು ಒಂದನ್ನು ಸೇರಿಸಿ ಸಮ ಮಾಡುತ್ತಿರುವವರು ಯಾರು? ತಕ್ಕಡಿ. ಅದು ಏಳು ಡೇಟಾ ಬಿಟ್ ಮತ್ತು ಸಮ ಪ್ಯಾರಿಟಿಯಲ್ಲಿ ಮಾತನಾಡುತ್ತಿದೆ. ನೀವು ಎಂಟು ಬಿಟ್ ಎಂದು ಕೇಳಿಸಿಕೊಳ್ಳುತ್ತಿದ್ದೀರಿ, ಪ್ಯಾರಿಟಿ ಬಿಟ್ಟನ್ನೂ ಅಕ್ಷರದ ಭಾಗ ಎಂದುಕೊಂಡಿದ್ದೀರಿ. ಎರಡರಲ್ಲೂ ಒಟ್ಟು ಹತ್ತು ಬಿಟ್, ಆದ್ದರಿಂದ ತಾಳ ತಪ್ಪುವುದಿಲ್ಲ, ತಪ್ಪು ಇಷ್ಟು ಶಿಸ್ತಾಗಿ ಬರುತ್ತದೆ. ಹಳೆಯ ಸಿ ಫೈಲಿನಲ್ಲಿ ಏಳು ಬಿಟ್ ಎನ್ನುವ ಸಿಎಸ್7 ಮತ್ತು ಪ್ಯಾರಿಟಿ ಬೇಕೆನ್ನುವ ಪ್ಯಾರ್‌ಎನ್‌ಬಿ ಎಂಬ ಪದಗಳಿವೆಯೇ ಹುಡುಕಿ, ಇದ್ದೇ ಇರುತ್ತವೆ.

ರಿಕ್ವೆಸ್ಟ್ 4ರ ಮೌಲ್ಯ 519 ಆಗಬೇಕು. ಏಳು ಬಿಟ್‌ಗೆ 7, ಸಮ ಪ್ಯಾರಿಟಿಗೆ 2ನ್ನು 256ರಿಂದ ಗುಣಿಸಿ 512.

ಅವಸರ ಅವರು ಹೇಳಿದಂತೆ 127ರ ಆ್ಯಂಡ್ ಹಾಕಿದರೂ ಪರದೆಯಲ್ಲಿ 125.4 ಬರುತ್ತದೆ, ಸುಳ್ಳಲ್ಲ. ಆದರೆ ಪ್ಯಾರಿಟಿ ಇರುವುದು ದಾರಿಯಲ್ಲಿ ಒಂದು ಬಿಟ್ ಮಗುಚಿದರೆ ಸಿಕ್ಕಿಬೀಳಲಿ ಎಂದು. ಅದನ್ನು ಒರೆಸಿ ಹಾಕಿದರೆ 125.4 ಎಂಬುದು 135.4 ಆಗಿ ಬಂದರೂ ಗೊತ್ತಾಗುವುದಿಲ್ಲ. ತೂಕದ ವಿಷಯದಲ್ಲಿ ನಾನು ಹಾಗೆ ಮಾಡುವುದಿಲ್ಲ. 519 ಕೊಟ್ಟರೆ ಪ್ಯಾರಿಟಿಯನ್ನು ಚಿಪ್ಪೇ ನೋಡುತ್ತದೆ, ತಪ್ಪಿದ್ದರೆ ನಿಮಗೆ ಹೇಳುತ್ತದೆ ಕೂಡ.

ಹೇಳುವುದು ಎಲ್ಲಿ? ನೀವು ಪೀಡೆ ಎಂದು ಕರೆದಿರಲ್ಲ, ಅಲ್ಲೇ. ಎಫ್‌ಟಿಡಿಐ ಚಿಪ್ ಕಳುಹಿಸುವ ಪ್ರತಿ ಪ್ಯಾಕೆಟ್ಟಿನ ಮೊದಲ ಎರಡು ಬೈಟ್ ಅದರ ಸ್ವಂತ ವರದಿ. ಮೊದಲನೆಯದು ಮೋಡೆಮ್ ತಂತಿಗಳ ಸ್ಥಿತಿ, ಎರಡನೆಯದು ಲೈನಿನ ಸ್ಥಿತಿ. 96 ಎಂದರೆ ಕಳುಹಿಸಬೇಕಾದದ್ದು ಏನೂ ಬಾಕಿಯಿಲ್ಲ, ತಪ್ಪೂ ಇಲ್ಲ. ಪ್ಯಾರಿಟಿ ತಪ್ಪಾದರೆ ಅದರ ಮೇಲೆ 4 ಸೇರಿ 100 ಆಗುತ್ತದೆ. ಅಂಥ ಪ್ಯಾಕೆಟ್ ಬಂದರೆ ಆ ಸಾಲನ್ನೇ ಎಸೆದು ಮುಂದಿನದಕ್ಕೆ ಕಾಯಿರಿ. ಡೇಟಾ ಇರಲಿ ಬಿಡಲಿ, ಚಿಪ್ 16 ಮಿಲಿಸೆಕೆಂಡಿಗೊಮ್ಮೆ ಈ ವರದಿ ಒಪ್ಪಿಸುತ್ತದೆ, ಆ ಅವಧಿಯನ್ನು ನೀವು ಬದಲಿಸದಿದ್ದರೆ. 2400ರ ವೇಗದಲ್ಲಿ ಸೆಕೆಂಡಿಗೆ 240 ಅಕ್ಷರ, 16 ಮಿಲಿಸೆಕೆಂಡಿಗೆ ನಾಲ್ಕಕ್ಕೆ ಕೊಂಚ ಕಡಿಮೆ. ನಿಮ್ಮ ಸಾಲು ಮೂರು, ನಾಲ್ಕು ಅಕ್ಷರದ ತುಂಡುಗಳಾಗಿ ಬರುತ್ತಿರುವುದು ಅದಕ್ಕೇ. 10 ಎಂಬ ಬೈಟ್ ಬರುವವರೆಗೆ ಕೂಡಿಟ್ಟುಕೊಂಡು ಆಮೇಲೆ ಓದಿ.

ಬಫರನ್ನು 64 ಬೈಟ್‌ಗಿಂತ ದೊಡ್ಡದು ಮಾಡಬೇಡಿ. ಈ ಚಿಪ್ಪಿನ ಪ್ಯಾಕೆಟ್ ಗರಿಷ್ಠ 64. ದೊಡ್ಡ ಬಫರಿನಲ್ಲಿ ಹಲವು ಪ್ಯಾಕೆಟ್ ಒಟ್ಟಿಗೆ ಬಂದರೆ ಪ್ರತಿ 64ನೆಯ ಬೈಟ್‌ನ ನಂತರ ಮತ್ತೆರಡು ವರದಿಯ ಬೈಟ್ ನಡುವೆ ನುಸುಳಿರುತ್ತವೆ, ಅವನ್ನೂ ತೂಕ ಎಂದು ಓದಿಬಿಡುತ್ತೀರಿ.

ದಾರಿಹೋಕ

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ಇದೇ ಕೇಬಲ್ ಐಫೋನಿನಲ್ಲಿ ನಡೆಯುತ್ತದೆಯೇ? ಸಿ ಕೋಡನ್ನು ಸ್ವಿಫ್ಟ್‌ನಿಂದ ಕರೆಯುವುದು ಇನ್ನೂ ಸುಲಭ ಎಂದು ಕೇಳಿದ್ದೇನೆ.

ನೆಲಮಾಳಿಗೆ

ಕರೆಯುವುದು ಸುಲಭ, ಬ್ರಿಡ್ಜಿಂಗ್ ಹೆಡರ್ ಒಂದಿದ್ದರೆ ಸಾಕು. ತಲುಪುವುದು ಕಷ್ಟ. ಐಫೋನಿನಲ್ಲಿ ಸಾಮಾನ್ಯ ಆ್ಯಪ್‌ಗೆ ಬರಿಯ ಯುಎಸ್‌ಬಿ ಸಾಧನವನ್ನು ಹೀಗೆ ತೆರೆದು ಕೊಡುವ ಎಪಿಐ ಇಲ್ಲ. ತಂತಿಯ ಉಪಕರಣ ಆ್ಯಪ್ ಜೊತೆ ಮಾತನಾಡಬೇಕಾದರೆ ಅದು ಉಪಕರಣಗಳಿಗೆ ಪರವಾನಗಿ ಕೊಡುವ ಆ್ಯಪಲ್‌ನ ಎಂಎಫ್‌ಐ ಕಾರ್ಯಕ್ರಮಕ್ಕೆ ಸೇರಿದ್ದಾಗಿರಬೇಕು. ಎಂ1 ಚಿಪ್ಪಿನ ಐಪ್ಯಾಡುಗಳಿಗೆ ಐಪ್ಯಾಡ್‌ಒಎಸ್ 16ರಲ್ಲಿ ಡ್ರೈವರ್‌ಕಿಟ್ ಬಂತು, ಅಲ್ಲಿ ನಿಜವಾಗಿಯೇ ಡ್ರೈವರ್ ಬರೆಯಬಹುದು, ಆ್ಯಪಲ್‌ನ ಒಪ್ಪಿಗೆ ಪಡೆದು. ಹಳೆಯ ತಕ್ಕಡಿಯನ್ನು ಐಫೋನಿಗೆ ಜೋಡಿಸಲು ನಾನಾದರೆ ನಡುವೆ ಒಂದು ಬ್ಲೂಟೂತ್ ಲೋ ಎನರ್ಜಿ ಪೆಟ್ಟಿಗೆ ಇಟ್ಟು ಕೋರ್ ಬ್ಲೂಟೂತ್‌ನಿಂದ ಓದುತ್ತೇನೆ.

ಗುಲಗಂಜಿ

519 ಹಾಕಿದೆ. 125.4 ಬಂತು. ಸಿ ಫೈಲನ್ನು ತೆರೆದು ನೋಡಿದರೆ ನಲವತ್ತೊಂದನೆಯ ಸಾಲಿನಲ್ಲಿ ಸಿಎಸ್7, ಅದರ ಪಕ್ಕದಲ್ಲೇ ಪ್ಯಾರ್‌ಎನ್‌ಬಿ. ಎರಡು ವರ್ಷದಿಂದ ನನ್ನ ಕಣ್ಣೆದುರೇ ಇದ್ದವು.

ಈಗ ಸಿ ಫೈಲಿನಲ್ಲಿ ಉಳಿದಿರುವ ಕೆಲಸ ಒಂದೇ. ಬಂದ ತೂಕಗಳು ಸ್ಥಿರವಾದವೇ ಎಂದು ನೋಡಿ, ಸ್ಥಿರವಾದಾಗ ಒಂದು ಫಂಕ್ಷನ್ನನ್ನು ಕರೆಯುವುದು. ಆ ಲೆಕ್ಕವನ್ನು ಮತ್ತೆ ಬರೆಯಲು ನನಗೆ ಧೈರ್ಯವಿಲ್ಲ, ಹಾಗೆಯೇ ಇಟ್ಟುಕೊಂಡೆ. ಅದು ತನ್ನದೇ ಥ್ರೆಡ್ ಹುಟ್ಟಿಸಿಕೊಳ್ಳುತ್ತದೆ. ಆ ಥ್ರೆಡ್‌ನಿಂದ ಕಾಟ್ಲಿನ್‌ನ ಫಂಕ್ಷನ್ನನ್ನು ಕರೆದ ಕೂಡಲೇ ಆ್ಯಪ್ ಬಿದ್ದುಹೋಗುತ್ತದೆ. ಒಂದು ಥ್ರೆಡ್ಡಿನ ಜೆಎನ್‌ಐಎನ್ವ್ (ಸಿಯಿಂದ ಕಾಟ್ಲಿನ್ ಕಡೆಗೆ ಕರೆಯುವ ಕೀಲಿ) ಅನ್ನು ಇನ್ನೊಂದರಲ್ಲಿ ಬಳಸುತ್ತಿದ್ದೀಯೆ ಎಂದು ಲಾಗ್ ಬೈಯುತ್ತದೆ. ಅದನ್ನು ಗ್ಲೋಬಲ್ ಆಗಿ ಇಟ್ಟುಕೊಂಡಿದ್ದೆ.

ಹಳೆಯ ಮೋಡೆಮ್

ಟೈಪ್‌ರೈಟರ್ ವಿಷಯದಲ್ಲಿ ದಾರಿ ತಪ್ಪಿಸಿದ್ದಕ್ಕೆ ಇದು ನನ್ನ ಪ್ರಾಯಶ್ಚಿತ್ತ. ಜೆಎನ್‌ಐಎನ್ವ್ ಥ್ರೆಡ್ಡಿಗೊಂದು, ಹಂಚಿಕೊಳ್ಳುವ ವಸ್ತುವಲ್ಲ. ಗ್ಲೋಬಲ್ ಆಗಿ ಇಟ್ಟುಕೊಳ್ಳಬಹುದಾದದ್ದು ಇಡೀ ಪ್ರೋಸೆಸ್ಸಿಗೆ ಒಂದೇ ಆದ ಜಾವಾವಿಎಂ. ಸಿ ಹುಟ್ಟಿಸಿದ ಥ್ರೆಡ್ ಅಟ್ಯಾಚ್‌ಕರೆಂಟ್‌ಥ್ರೆಡ್ ಕರೆದು ತನ್ನದೇ ಎನ್ವ್ ಪಡೆಯಬೇಕು, ಸಾಯುವ ಮೊದಲು ಡಿಟ್ಯಾಚ್ ಆಗಬೇಕು. ಅಷ್ಟಾದರೂ ಆ ಥ್ರೆಡ್‌ನಿಂದ ಫೈಂಡ್‌ಕ್ಲಾಸ್ ಕರೆದರೆ ನಿಮ್ಮ ಆ್ಯಪ್‌ನ ಕ್ಲಾಸ್ ಸಿಗುವುದಿಲ್ಲ, ಅದು ವ್ಯವಸ್ಥೆಯ ಕ್ಲಾಸ್‌ಲೋಡರಿನಲ್ಲಿ ಹುಡುಕುತ್ತದೆ. ಜೆಎನ್‌ಐ ಆನ್‌ಲೋಡ್‌ನಲ್ಲೇ ಕ್ಲಾಸ್ ಹುಡುಕಿ ಗ್ಲೋಬಲ್ ರೆಫರೆನ್ಸ್ ಆಗಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಲಹೆ: ಆ ಥ್ರೆಡ್ಡನ್ನೇ ತೆಗೆದುಬಿಡಿ. ಲ್ಯಾಪ್‌ಟಾಪಿನಲ್ಲಿ ಪೋರ್ಟನ್ನು ಕಾಯಲು ಅದು ಬೇಕಿತ್ತು. ಈಗ ಕಾಯುವ ಕೆಲಸವನ್ನು ಕಾಟ್ಲಿನ್ ಮಾಡುತ್ತಿದೆ. ಸಿ ಫಂಕ್ಷನ್ ಒಂದು ತೂಕ ತೆಗೆದುಕೊಳ್ಳಲಿ, ಸ್ಥಿರವೋ ಅಲ್ಲವೋ ಎಂದು ಹಿಂತಿರುಗಿಸಲಿ. ಕಾಟ್ಲಿನ್ ಸಿಯನ್ನು ಕರೆಯಲಿ, ಸಿ ಯಾರನ್ನೂ ಕರೆಯುವುದು ಬೇಡ.

ಗುಲಗಂಜಿ

ಥ್ರೆಡ್ ತೆಗೆದೆ. ಮುನ್ನೂರು ಸಾಲಿನಲ್ಲಿ ಈಗ ಉಳಿದಿರುವುದು ಎಪ್ಪತ್ತೆರಡು. ನಿನ್ನೆ ಇಡೀ ದಿನ ಫೋನಿನಲ್ಲೂ ಟ್ಯಾಬ್ಲೆಟ್ಟಿನಲ್ಲೂ ಓಡಿಸಿದೆ, ಒಮ್ಮೆಯೂ ಬೀಳಲಿಲ್ಲ. ಎರಡನೆಯ ಬೈಟ್ 100 ಆಗಿ ಬರುವುದನ್ನು ಕಾಯುತ್ತಾ ಕುಳಿತೆ, ಬರಲಿಲ್ಲ. ಕೊನೆಗೆ ಸಮ ಪ್ಯಾರಿಟಿಯ ಬದಲು ಬೇಕೆಂದೇ ಬೆಸ ಪ್ಯಾರಿಟಿ ಕೊಟ್ಟು ನೋಡಿದೆ. ತೂಕದ ಬೈಟ್ ಇದ್ದ ಪ್ಯಾಕೆಟ್ಟುಗಳಲ್ಲೆಲ್ಲ 100. ಸಮಾಧಾನವಾಗಿ 519ಕ್ಕೆ ಮರಳಿದೆ.

ಒಂದು ವಿಷಯ ನನ್ನಷ್ಟಕ್ಕೆ ಬಗೆಹರಿಯಿತು, ಇದೇ ಹಾದಿಯಲ್ಲಿ ಬರುವವರಿಗೆ ಬರೆದಿಡುತ್ತೇನೆ. ಟ್ಯಾಬ್ಲೆಟ್ಟಿನಿಂದ ಯಾರಾದರೂ ಕೇಬಲ್ ಎಳೆದರೆ ಬಲ್ಕ್ ಟ್ರಾನ್ಸ್‌ಫರ್ -1 ಕೊಡುತ್ತದೆ. ಕಾದು ಕಾದು ಸಮಯ ಮೀರಿದರೂ ಅದೇ -1. ತಕ್ಕಡಿ ಸುಮ್ಮನಿದೆಯೋ ಕೇಬಲ್ಲೇ ಹೋಯಿತೋ ಹೇಗೆ ತಿಳಿಯುವುದು ಎಂದು ಯೋಚಿಸುತ್ತಿದ್ದೆ. ಆಮೇಲೆ ಲಾಗ್ ನೋಡಿದರೆ ಕೇಬಲ್ ಇದ್ದಾಗ -1 ಬಂದೇ ಇಲ್ಲ. ತಕ್ಕಡಿ ಆಫ್ ಆಗಿದ್ದರೂ 16 ಮಿಲಿಸೆಕೆಂಡಿಗೊಮ್ಮೆ 1, 96 ಬರುತ್ತಲೇ ಇತ್ತು. ಆದ್ದರಿಂದ ಕಾಯುವ ಸಮಯವನ್ನು 200 ಮಿಲಿಸೆಕೆಂಡಿಗೆ ಇಟ್ಟು, -1 ಬಂದರೆ "ಕೇಬಲ್ ನೋಡಿ" ಎಂದು ಪರದೆಯಲ್ಲಿ ತೋರಿಸುತ್ತೇನೆ. 1, 96 ಮಾತ್ರ ಬರುತ್ತಿದ್ದರೆ "ತಕ್ಕಡಿ ನೋಡಿ" ಎಂದು. ಪೀಡೆ ಎಂದು ಬೈದ ಎರಡು ಬೈಟ್‌ಗಳ ಮೇಲೆ ಈಗ ಆ್ಯಪ್‌ನ ಅರ್ಧ ಭಾಗ ನಿಂತಿದೆ.